ಕೌಲ್ ಬಜಾರಿನಲ್ಲಿ ಹಗುರವಾದ ಟೆಂಟು

ಬಳ್ಳಾರಿ ಬಿಟ್ಟು ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರಿಗೆ ಬಂದು ಹನ್ನೊಂದು ವರ್ಷ ಆಯಿತು. ಇಲ್ಲಿ ಬೇಸಿಗೆ ಬಂತೆಂದರೆ ಶನಿವಾರ, ಭಾನುವಾರ ನಾನು ಮನೆಯಲ್ಲಿ ಇರುವುದೇ ಅಪರೂಪ. ಬೆನ್ನಿಗೆ ಚೀಲ ಏರಿಸಿಕೊಂಡು ಒಬ್ಬನೇ ರಾಕಿ ಬೆಟ್ಟಗಳ ಕಡೆ ಹೋಗುತ್ತೇನೆ. ಮರಗಳು ಬೆಳೆಯುವುದು ನಿಲ್ಲುವ ಎತ್ತರ ಇಲ್ಲಿ ಸುಮಾರು 3,500 ಮೀಟರ್. ಆ ಎತ್ತರದಲ್ಲಿ ಉಸಿರು ಸಾಲುವುದಿಲ್ಲ. ಬೆನ್ನ ಮೇಲಿನ ಒಂದೊಂದು ಗ್ರಾಮೂ ಗೊತ್ತಾಗುತ್ತದೆ.

ಅದಕ್ಕೇ ಇಲ್ಲಿನ ಚಾರಣಿಗರು ತೂಕದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಊಟ, ನೀರು, ಒಲೆಯ ಇಂಧನ ಬಿಟ್ಟು ಉಳಿದದ್ದೆಲ್ಲ 10 ಪೌಂಡಿನ ಒಳಗೆ, ಅಂದರೆ ಸುಮಾರು ನಾಲ್ಕೂವರೆ ಕೆಜಿ ಒಳಗೆ ಇದ್ದರೆ ಅದನ್ನು ಅಲ್ಟ್ರಾಲೈಟ್ ಅನ್ನುತ್ತಾರೆ. ಅಡುಗೆಮನೆ ತಕ್ಕಡಿಯ ಮೇಲೆ ಒಂದೊಂದೇ ಸಾಮಾನು ಇಟ್ಟು ತೂಗುತ್ತಾರೆ, ಬರೆದಿಡುತ್ತಾರೆ. ಈ ಅಭ್ಯಾಸ ನನಗೆ ತುಂಬ ಇಷ್ಟ. ನಾನೂ ಕಲಿತೆ. ಊರಲ್ಲಿ ನಾವು ಯಾತ್ರೆಗೆ ಹೊರಟರೆ ಚೀಲವನ್ನು ಒಮ್ಮೆ ಎತ್ತಿ ನೋಡಿ "ಭಾರ ಆಯ್ತು" ಅನ್ನುತ್ತೇವೆ, ಅಷ್ಟೇ. ಯಾವುದು ಎಷ್ಟು ಭಾರ ಅಂತ ನೋಡುವುದಿಲ್ಲ ಅಲ್ವಾ?

ನನ್ನ ಟೆಂಟು ಒಬ್ಬರಿಗೆ ಆಗುವಂಥದ್ದು. ಗುಡಿಸಲಿನ ಆಕಾರ, ಎರಡು ತುದಿಗೆ ಒಂದೊಂದು ಕೋಲು. ಹೊರಗೆ ಸಿಲಿಕಾನ್ ಬಳಿದ ನೈಲಾನ್ ಹೊದಿಕೆ, ಒಳಗೆ ನೆಲ ಮತ್ತು ಸೊಳ್ಳೆ ಪರದೆ ಇರುವ ಗೂಡು. ಹೊದಿಕೆ 450 ಗ್ರಾಂ, ಒಳಗಿನ ಗೂಡು 420, ಕೋಲುಗಳು 230, ಎಂಟು ಗೂಟ 120, ತುಂಬಿಡುವ ಚೀಲಗಳು 60. ಒಟ್ಟು 1,280 ಗ್ರಾಂ.

ಇದನ್ನು ಇಳಿಸಲು ಇಲ್ಲಿ ಎಲ್ಲರೂ ಹೇಳುವ ದಾರಿ ಹೊಸದು ಕೊಳ್ಳುವುದು. ಡೈನೀಮಾ ಅಂತ ಒಂದು ಬಟ್ಟೆ ಇದೆ. ಚದರ ಮೀಟರಿಗೆ 18 ಗ್ರಾಂ ಆಸುಪಾಸು. ನನ್ನ ನೈಲಾನ್ ಅದರ ಎರಡು ಪಟ್ಟು. ಒದ್ದೆಯಾದರೆ ನೈಲಾನ್ ನೀರು ಕುಡಿದು ಜೋಲು ಬೀಳುತ್ತದೆ, ಡೈನೀಮಾ ಬೀಳುವುದಿಲ್ಲ. ನಿಜಕ್ಕೂ ಒಳ್ಳೆಯ ಬಟ್ಟೆ. ಆದರೆ ಅದರ ಟೆಂಟಿಗೆ ಆರುನೂರು ಡಾಲರ್, ಅದಕ್ಕೂ ಮೇಲೆ. ಚೆನ್ನಾಗಿರುವ ಟೆಂಟನ್ನು ಮೂಲೆಗೆ ಹಾಕಿ ಅಷ್ಟು ದುಡ್ಡು ಸುರಿಯಲು ನನಗೆ ಮನಸ್ಸು ಬರಲಿಲ್ಲ. ಇಲ್ಲಿನ ಒಂದು ಹೊಲಿಗೆ ಅಂಗಡಿಗೆ ಒಯ್ದೆ. ಅವರು ಮುಟ್ಟಲೂ ಇಲ್ಲ. "ಇದಕ್ಕೆ ಕೂಲಿ ಜಾಸ್ತಿ ಆಗುತ್ತದೆ, ಹೊಸದೇ ಕೊಂಡುಬಿಡಿ" ಅಂದರು.

ಹಾಗಾಗಿ ನಾನೇ ಕತ್ತರಿ ಹಿಡಿದೆ. ಹೊದಿಕೆಯ ಒಂದು ತುದಿಯಲ್ಲಿ ಸೂರಿನ ಹಾಗೆ ಮುಂದೆ ಚಾಚಿಕೊಂಡ ಭಾಗ ಇತ್ತು. ಸುಮ್ನೆ ಅಲಂಕಾರ ಅನ್ನಿಸಿತು. ಕತ್ತರಿಸಿದೆ. 45 ಗ್ರಾಂ ಹೋಯಿತು, ಖುಷಿಪಟ್ಟೆ. ಜುಲೈನಲ್ಲಿ ಬೆಟ್ಟಕ್ಕೆ ಹೋದೆ. ಇಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಸಾಮಾನ್ಯ. ಅವತ್ತು ಆಲಿಕಲ್ಲೂ ಬಿತ್ತು. ನೆಲಕ್ಕೆ ಬಿದ್ದ ನೀರು ಸಿಡಿದು, ನಾನು ಕತ್ತರಿಸಿದ ಜಾಗದಿಂದಲೇ ಒಳಗೆ ಬಂತು. ಮಲಗುವ ಚೀಲ ಬಾತುಕೋಳಿ ಪುಕ್ಕದ್ದು. ಪುಕ್ಕ ಒದ್ದೆಯಾದರೆ ಮುದ್ದೆಯಾಗುತ್ತದೆ, ಬಿಸಿ ಹಿಡಿಯುವುದಿಲ್ಲ. ನಡುಗುತ್ತಾ ಟಾರ್ಚ್ ಬೆಳಕಲ್ಲಿ ಕೆಳಗಿಳಿದೆ. ನಾಲ್ಕು ಗಂಟೆ ನಡಿಗೆ. ಆ ರಾತ್ರಿ ನನಗೆ ನಿಜವಾಗಿ ಭಯವಾಗಿತ್ತು.

ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಟೆಂಟನ್ನೂ ಒಯ್ದೆ. ಬಳ್ಳಾರಿ ಅಂದರೆ ಜೀನ್ಸ್. ನಮ್ಮೂರಲ್ಲಿ ಮನೆಮನೆಯಲ್ಲೂ ಹೊಲಿಗೆ ಯಂತ್ರದ ಸದ್ದು ಕೇಳುವ ಓಣಿಗಳಿವೆ. ಒಬ್ಬರು ಕತ್ತರಿಸಿದರೆ ಇನ್ನೊಬ್ಬರು ಜೇಬು ಹಚ್ಚುತ್ತಾರೆ, ಮತ್ತೊಬ್ಬರು ಕಾಜಾ ಗುಂಡಿ. ಕೌಲ್ ಬಜಾರಿನಲ್ಲಿ ನನ್ನ ಹೈಸ್ಕೂಲ್ ಪ್ಯಾಂಟು ಹೊಲಿದ ಒಬ್ಬರು ದರ್ಜಿ ಇದ್ದಾರೆ. ನಾವೆಲ್ಲ ಅವರನ್ನು ಚಾಚಾ ಅನ್ನುತ್ತೇವೆ. ಈಗ ಅವರೂ ಜೀನ್ಸ್ ಜಾಬ್‌ವರ್ಕ್ ಮಾಡುತ್ತಾರೆ. ಟೆಂಟು ಅವರ ಮುಂದೆ ಹರಡಿ, ಎಲ್ಲೆಲ್ಲಿ ಕತ್ತರಿಸಬೇಕು ಅಂತ ಬರೆದುಕೊಂಡು ಬಂದಿದ್ದ ಚೀಟಿ ಕೊಟ್ಟೆ.

ಚಾಚಾ ಚೀಟಿ ನೋಡಲೇ ಇಲ್ಲ. "ಏನೇನು ತೆಗೀಬೇಕು ಅಂತ ಆಮೇಲೆ ಹೇಳು ತಮ್ಮಾ. ಇದರಾಗೆ ಮಲಗೋದು ಯಾರು?"

"ನಾನೇ ಚಾಚಾ."

"ಹಂಗಾದ್ರೆ ಮಲಗು."

ಅಂಗಡಿಯ ನೆಲದ ಮೇಲೆ ನನ್ನ ಚಾಪೆ ಬಿಚ್ಚಿ ಮಲಗಿದೆ. ಟೇಪು ಹಿಡಿದು ತಲೆಯಿಂದ ಪಾದದವರೆಗೆ ಅಳೆದರು. ಭುಜದ ಅಗಲ, ಪಾದದ ಹತ್ತಿರದ ಅಗಲ. ಬಲಮಗ್ಗುಲಿಗೆ ತಿರುಗಲು ಹೇಳಿ ಮತ್ತೆ ಅಳೆದರು. ಎದ್ದು ಕೂತಾಗ ತಲೆ ಎಷ್ಟು ಎತ್ತರಕ್ಕೆ ಬರುತ್ತದೆ ಅಂತ ನೋಡಿದರು. ಬೂಟು ಎಲ್ಲಿ ಇಡುತ್ತೀಯ, ಯಾವ ಕೈಯಿಂದ ಜಿಪ್ ಎಳೆಯುತ್ತೀಯ, ಅಲ್ಲಿ ಗಾಳಿ ತಲೆ ಕಡೆಯಿಂದ ಬರುತ್ತದೋ ಕಾಲ ಕಡೆಯಿಂದಲೋ ಅಂತ ಕೇಳಿದರು. ಈ ಪ್ರಶ್ನೆಗಳನ್ನು ಅಲ್ಲಿಯವರೆಗೆ ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ನಾನು ತಕ್ಕಡಿಯಿಂದ ಶುರು ಮಾಡಿದ್ದೆ, ಅವರು ಮೈಯಿಂದ ಶುರು ಮಾಡಿದರು. ನಾನು ಹೇಳಬೇಕು ಅಂದುಕೊಂಡ ವ್ಯತ್ಯಾಸ ಇಷ್ಟೇ, ಆದರೆ ಇದು ದೊಡ್ಡದು.

ಅಳತೆ ತೆಗೆದ ಮೇಲೆ ಕೆಲಸ ಬೇಗ ಬೇಗ ಗೊತ್ತಾಯಿತು. ಕಾಲ ಕಡೆ ನೆಲ ಬೇಕಾದದ್ದಕ್ಕಿಂತ ಅಗಲ ಇತ್ತು. ಅಲ್ಲಿ 20 ಸೆಂಟಿಮೀಟರ್ ಒಳಗೆ ಹಿಡಿದರು. ನಾನು ಎಡಗಡೆಯಿಂದಷ್ಟೇ ಹೊರಗೆ ಬರುತ್ತೇನೆ, ಆದ್ದರಿಂದ ಬಲಗಡೆಯ ಬಾಗಿಲಿನ ಜಿಪ್ ಬಿಚ್ಚಿ, ಆ ಜಾಗಕ್ಕೆ ಸೊಳ್ಳೆ ಪರದೆ ಹಚ್ಚಿದರು. ಒಳಗಿನ ಜೇಬುಗಳು, ಬಟ್ಟೆ ನೇತುಹಾಕುವ ಕುಣಿಕೆಗಳು ಹೋದವು. ಇಷ್ಟರಲ್ಲೇ 110 ಗ್ರಾಂ. ನಾನು ಕತ್ತರಿಸಿದ್ದ ಸೂರನ್ನು ಮಾತ್ರ ವಾಪಸ್ ಹೊಲಿಯಲೇಬೇಕು ಅಂದರು. ಅದಕ್ಕೆ 50 ಗ್ರಾಂ ಹಿಡಿಯಿತು, ಮೊದಲಿಗಿಂತ ಐದು ಗ್ರಾಂ ಜಾಸ್ತಿ. ನಾನು ಮರುಮಾತಾಡಲಿಲ್ಲ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಕೋಲುಗಳದ್ದು. ಬೆಟ್ಟ ಹತ್ತುವಾಗ ನನ್ನ ಎರಡೂ ಕೈಯಲ್ಲಿ ಹೇಗೂ ಊರುಗೋಲು ಇರುತ್ತವೆ. ರಾತ್ರಿ ಅವು ಸುಮ್ನೆ ಬಿದ್ದಿರುತ್ತವೆ. ಅವನ್ನೇ ಟೆಂಟಿಗೆ ನಿಲ್ಲಿಸಿದರೆ 230 ಗ್ರಾಂ ಕೋಲು ಬೇಕಾಗಿಲ್ಲ. ಇದು ಅಮೆರಿಕದ ಚಾರಣಿಗರಿಗೆ ಚೆನ್ನಾಗಿ ಗೊತ್ತಿರುವ ಉಪಾಯ, ಅಲ್ಲೇ ಕಲಿತದ್ದು. ಆದರೆ ಊರುಗೋಲಿನ ತುದಿ ಚೂಪು, ತೆಳು ಬಟ್ಟೆಯನ್ನು ತೂತು ಮಾಡುತ್ತದೆ. ಚಾಚಾ ಎರಡೂ ತುದಿಗೆ ದಪ್ಪ ಬ್ಯಾಗ್ ಬಟ್ಟೆಯ ತುಂಡು ಹಚ್ಚಿ, ಮಧ್ಯೆ ಒಂದು ಲೋಹದ ಕಣ್ಣು ಒತ್ತಿದರು. ತುದಿ ಅದರೊಳಗೆ ಕೂರುತ್ತದೆ. 12 ಗ್ರಾಂ.

ಆ ಕಣ್ಣು ಒತ್ತುವುದನ್ನು ನೋಡುವಾಗ ನನಗೆ ಜೇಕಬ್ ಡೇವಿಸ್ ನೆನಪಾದರು. ಅಮೆರಿಕದ ನೆವಾಡಾದ ರೀನೋ ಊರಿನ ದರ್ಜಿ. ಟೆಂಟು, ಕುದುರೆ ಕಂಬಳಿ, ಬಂಡಿಯ ಹೊದಿಕೆ ಹೊಲಿಯುತ್ತಿದ್ದವರು. ಕುದುರೆ ಕಂಬಳಿಗೆ ಹೊಡೆಯುತ್ತಿದ್ದ ತಾಮ್ರದ ರಿವೆಟ್ಟನ್ನು ಒಬ್ಬ ಕೂಲಿಯವನ ಪ್ಯಾಂಟಿನ ಜೇಬಿಗೆ ಹೊಡೆದರು, ಜೇಬು ಹರಿಯುವುದು ನಿಂತಿತು. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದರು. ಜೀನ್ಸ್ ಶುರುವಾದದ್ದು ಹೀಗೆ, ಟೆಂಟು ಹೊಲಿಯುವವರ ಕೈಯಲ್ಲಿ. ಈ ಕಥೆ ಹೇಳಿದೆ. ಚಾಚಾ ಯಂತ್ರ ನಿಲ್ಲಿಸಿ ಪೂರ್ತಿ ಕೇಳಿದರು. "ದರ್ಜಿ ಅಂದ್ರೆ ದರ್ಜಿನೇ, ಯಾವ ದೇಶ ಆದ್ರೇನು" ಅಂದರು.

ಹೊಲಿಗೆಯಲ್ಲೂ ನಂಟು ಇದೆ. ಜೀನ್ಸಿನ ಕಾಲಿಗೆ ಎರಡು ಅಂಚನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಯುತ್ತಾರಲ್ಲ, ಟೆಂಟಿಗೂ ಅದೇ ಹೊಲಿಗೆ. ಬಟ್ಟೆಯ ಹಸಿ ಅಂಚು ಹೊರಗೆ ಕಾಣುವುದಿಲ್ಲ, ಎಳೆತಕ್ಕೆ ಬಿಡುವುದಿಲ್ಲ. ಚಾಚಾರ ಕೈಗೆ ಅದು ನಿದ್ದೆಯಲ್ಲೂ ಬರುತ್ತದೆ. ಸೂಜಿ, ದಾರ ಮಾತ್ರ ಬದಲಿಸಬೇಕಾಯಿತು. ಜೀನ್ಸಿನ ದಪ್ಪ ಸೂಜಿ ಇಲ್ಲಿ ಬೇಡ, ಪ್ರತಿ ತೂತೂ ಮಳೆಗೆ ದಾರಿ. ಶರ್ಟಿಗೆ ಹಾಕುವ 11 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ. ಹತ್ತಿ ದಾರ ಒದ್ದೆಯಲ್ಲಿ ಕೊಳೆಯುತ್ತದೆ. ಹೊಲಿಗೆ ಒತ್ತೊತ್ತಾಗಿ ಬಿದ್ದರೆ ಬಟ್ಟೆ ಅಂಚೆ ಚೀಟಿಯ ಹಾಗೆ ಸಾಲಾಗಿ ಹರಿದುಬರುತ್ತದೆ, ಆದ್ದರಿಂದ ಸ್ವಲ್ಪ ಉದ್ದುದ್ದ ಹೊಲಿಗೆ. ಸಿಲಿಕಾನ್ ಬಟ್ಟೆ ಯಂತ್ರದ ಕೆಳಗೆ ಜಾರುತ್ತಿತ್ತು. ಅದಕ್ಕೆ ಚಾಚಾ ಹಳೆ ಪೇಪರಿನ ಪಟ್ಟಿ ಅಡಿಯಲ್ಲಿ ಇಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆದರು. ಗುಂಡುಪಿನ್ನು ಚುಚ್ಚಲು ನಾನು ಬಿಡಲಿಲ್ಲ. ಬಟ್ಟೆ ಒಣಗಿಸುವ ಕ್ಲಿಪ್ಪು ತಂದುಕೊಟ್ಟೆ.

ಹೊಲಿಗೆಯ ತೂತು ಮುಚ್ಚುವುದು ನನ್ನ ಪಾಲಿನ ಕೆಲಸ. ಸಿಲಿಕಾನ್ ಬಳಿದ ಬಟ್ಟೆಗೆ ಸಿಲಿಕಾನ್ ಬಿಟ್ಟು ಬೇರೇನೂ ಅಂಟುವುದಿಲ್ಲ. ಟೇಪು ಹಚ್ಚಿದರೆ ಎದ್ದುಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಟಕಿ ಗಾಜಿಗೆ ಹಾಕುವ ಸಿಲಿಕಾನ್ ಟ್ಯೂಬು ಸಿಗುತ್ತದೆ. ಪೂರ್ತಿ ಸಿಲಿಕಾನ್ ಆಗಿರಬೇಕು, ಅಕ್ರಿಲಿಕ್ ಬೆರೆತದ್ದು ಬೇಡ. ಪೇಂಟಿಗೆ ಹಾಕುವ ಟರ್ಪೆಂಟೈನಿನಲ್ಲಿ ಅದನ್ನು ನೀರು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಸಣ್ಣ ಕುಂಚದಲ್ಲಿ ಹೊಲಿಗೆಯ ಮೇಲೆ ಬಳಿದೆ. ಕಿಟಕಿ ತೆರೆದಿಟ್ಟುಕೊಂಡೇ ಮಾಡಬೇಕು, ವಾಸನೆ ತಲೆಗೆ ಹತ್ತುತ್ತದೆ. ಆದರೆ ಒಣಗಿಸುವುದು ಮಾಳಿಗೆಯ ಮೇಲೆ ಅಲ್ಲ, ಮನೆಯ ಒಳಗೆ. ನಮ್ಮ ಕೆಂಪು ಧೂಳು ಹಸಿ ಸಿಲಿಕಾನಿಗೆ ಕೂತರೆ ಮತ್ತೆ ಬಿಡುವುದಿಲ್ಲ. ಒಣಗಿದ ಮೇಲೆ ಅಂಟದಿರಲಿ ಅಂತ ಸ್ವಲ್ಪ ಮುಖದ ಪೌಡರ್ ಉದುರಿಸಿದೆ. ಎಲ್ಲ ಸೇರಿ 20 ಗ್ರಾಂ.

ಗೂಟ, ಹಗ್ಗಗಳ ಕಥೆ ಸಣ್ಣದು. ಮೂಲೆಗಳಿಗೆ 14 ಗ್ರಾಮಿನ ನಾಲ್ಕು ಅಲ್ಯೂಮಿನಿಯಂ ಗೂಟ, ಉಳಿದ ಕಡೆ 6 ಗ್ರಾಮಿನ ಟೈಟಾನಿಯಂ ಕೊಕ್ಕೆ. ಇವನ್ನು ಡೆನ್ವರಿನಿಂದಲೇ ತಂದಿದ್ದೆ. ದಪ್ಪ ಹಗ್ಗ ತೆಗೆದು 2 ಮಿಲಿಮೀಟರಿನದು ಕಟ್ಟಿದೆ. ಮೂರು ಚೀಲದ ಬದಲು ಉಳಿದ ಚೂರು ಬಟ್ಟೆಯಲ್ಲೇ ಒಂದು ಚೀಲ. ಎಲ್ಲವನ್ನೂ ಪಕ್ಕದ ಕಿರಾಣಿ ಅಂಗಡಿಯಲ್ಲಿ, ಏಲಕ್ಕಿ ತೂಗುವ ತಕ್ಕಡಿಯಲ್ಲಿ ಇಟ್ಟೆವು. 864. ಅಂದರೆ 416 ಗ್ರಾಂ ಇಳಿದಿತ್ತು. ಚಾಚಾ ಅಂಕಿ ನೋಡಿ, "ಅರ್ಧ ಕೆಜಿಯೂ ಇಲ್ವಲ್ಲ, ಇಷ್ಟಕ್ಕೆ ಎರಡು ದಿನನಾ?" ಅಂದರು. ಬೆಟ್ಟದ ಮೇಲಿನ ಉಸಿರಿನ ವಿಷಯ ಅವರಿಗೆ ವಿವರಿಸಿ ಹೇಳಿದೆ.

ಸಂಡೂರಿನ ಹತ್ತಿರ ದೊಡ್ಡಪ್ಪನ ಹೊಲದಲ್ಲಿ ಒಂದು ರಾತ್ರಿ ಅದರಲ್ಲಿ ಮಲಗಿ ನೋಡಿದೆ. ಗುಡ್ಡದ ಕಡೆಯಿಂದ ಗಾಳಿ ಜೋರಾಗಿತ್ತು. ಪಕ್ಕದ ಬೀಳಿನಲ್ಲಿ ಕುರಿಗಾಹಿಗಳು ಬೀಡುಬಿಟ್ಟಿದ್ದರು. ಅವರಿಗೆ ಟೆಂಟು ಇಲ್ಲ, ಕಂಬಳಿ ಇದೆ. ಮಳೆಗೆ ಕೊಪ್ಪೆ, ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಹೊತ್ತು ಏರಿದರೆ ಕೋಲಿನ ಮೇಲೆ ಹರಡಿ ನೆರಳು. ಒಂದೇ ವಸ್ತು, ನಾಲ್ಕು ಕೆಲಸ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಹಿಡಿಯುತ್ತದೆ, ನನ್ನ ಪುಕ್ಕದ ಚೀಲದ ಹಾಗಲ್ಲ. ಊರುಗೋಲನ್ನೇ ಟೆಂಟಿನ ಕೋಲು ಮಾಡುವ ಉಪಾಯ ನಾನು ಸಮುದ್ರ ದಾಟಿ ಹೋಗಿ ಕಲಿತೆ. ಅದೇ ಬುದ್ಧಿ ಚಿಕ್ಕಂದಿನಿಂದ ನಾನು ನೋಡಿದ ಕಂಬಳಿಯಲ್ಲೇ ಇತ್ತು. ಇದು ನನಗೆ ಈಗಲೂ ಬೇಜಾರಿನ ವಿಷಯ.

ಹಾಗಂತ ಆ ದೇಶವನ್ನು ತೆಗಳಲು ನಾನು ಇದನ್ನು ಬರೆಯುತ್ತಿಲ್ಲ. ಮನೆಯಲ್ಲೇ ತಮ್ಮ ಟೆಂಟು ಹೊಲಿದುಕೊಳ್ಳುವವರು ಕೊಲರಾಡೋದಲ್ಲಿ ಇದ್ದಾರೆ. 1955ರಲ್ಲಿ ಎಮ್ಮಾ ಗೇಟ್‌ವುಡ್ ಅನ್ನುವ 67 ವರ್ಷದ ಹೆಂಗಸು, ಹನ್ನೊಂದು ಮಕ್ಕಳ ತಾಯಿ, ಸುಮಾರು 3,300 ಕಿಲೋಮೀಟರಿನ ಅಪಲಾಚಿಯನ್ ದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಹೆಗಲಿಗೆ ಜೀನ್ಸ್ ಬಟ್ಟೆಯಿಂದ ತಾವೇ ಹೊಲಿದುಕೊಂಡ ಚೀಲ. ಟೆಂಟು ಇಲ್ಲ, ಮಳೆಗೆ ಬಚ್ಚಲುಮನೆಗೆ ಹಾಕುವ ಪ್ಲಾಸ್ಟಿಕ್ ಪರದೆ. ಆ ಅಜ್ಜಿ ನಮ್ಮ ಕೌಲ್ ಬಜಾರಿಗೆ ಬಂದಿದ್ದರೆ ಚಾಚಾರ ಜೊತೆ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ನನ್ನ ತಕರಾರು ಇರುವುದು ಇವತ್ತಿನ ಅಂಗಡಿಗಳ ಮಾತಿನ ಮೇಲೆ. ಹಗುರ ಬೇಕು ಅಂದರೆ ಹೊಸದು ಕೊಳ್ಳಿ ಅನ್ನುತ್ತಾರೆ, ಹಳೆಯದನ್ನು ನಿಮ್ಮ ಅಳತೆಗೆ ತನ್ನಿ ಅನ್ನುವುದಿಲ್ಲ. ನಮ್ಮೂರಲ್ಲಿ ಅಣ್ಣನ ಪ್ಯಾಂಟು ತಮ್ಮನಿಗೆ ಆಲ್ಟರ್ ಆಗುತ್ತದೆ, ಅಮ್ಮನ ಸೀರೆ ಮಗಳ ಲಂಗ ಆಗುತ್ತದೆ. ಟೆಂಟಿಗೂ ಅದೇ ದಾರಿ ಸಾಕು. ಜೊತೆಗೆ ಅಲ್ಲಿನವರ ತಕ್ಕಡಿ, ಬರೆದಿಡುವ ಶಿಸ್ತು ಇರಲಿ.

ಬರುವಾಗ ಚಾಚಾ ಒಂದು ಹಳೆ ಟೇಪು ಕೊಟ್ಟರು. ಹೋದ ವಾರ ಇಲ್ಲಿ ಜೊತೆಗೆ ಕೆಲಸ ಮಾಡುವ ಮೈಸೂರಿನ ಹುಡುಗನೊಬ್ಬ ತನ್ನ ಟೆಂಟು ಹೊತ್ತು ಮನೆಗೆ ಬಂದ. "ಅಣ್ಣ, ಎಲ್ಲಿ ಕತ್ತರಿಸಿದರೆ ಜಾಸ್ತಿ ಗ್ರಾಂ ಹೋಗುತ್ತೆ?" ಅಂತ ಕೇಳಿದ. ಬೂಟು ಬಿಚ್ಚಿ ಮಲಗು ಅಂದೆ. ಯಾವ ಮಗ್ಗುಲಿಗೆ ತಿರುಗಿ ನಿದ್ದೆ ಮಾಡುತ್ತೀಯ ಅಂತ ಕೇಳಿ ಟೇಪು ಬಿಚ್ಚಿದೆ.