ಹತ್ತೊಂಬತ್ತು ಪುಟದ ಮಹಾಪುರುಷ

ನಾನು ಎಷ್ಟು ದೊಡ್ಡ ಮನುಷ್ಯ ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಾಗಿದ್ದು ಕಂಪನಿಯ ವಕೀಲರು ನನ್ನ ಎಚ್-1ಬಿಗಾಗಿ, ಅಂದರೆ ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ವೀಸಾಕ್ಕಾಗಿ, ಅಲ್ಲಿನ ಸರ್ಕಾರಕ್ಕೆ ಬರೆದ ಪತ್ರ ಓದಿದ ಮೇಲೆ. ಹತ್ತೊಂಬತ್ತು ಪುಟ! ದಿನವೂ ನಾನು ಮಾಡುವ ಕೆಲಸವೇನಪ್ಪಾ ಅಂದರೆ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕುವುದು, ನನ್ನ ಕೋಡಿನ ತಪ್ಪು ಬೇರೆಯವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದು. ಪತ್ರದಲ್ಲಿ ಅದು ‘ಅತ್ಯಂತ ವಿಶೇಷ ಜ್ಞಾನದ ಸೈದ್ಧಾಂತಿಕ ಮತ್ತು ಪ್ರಾಯೋಗಿಕ ಅನ್ವಯ’ ಆಗಿತ್ತು. ಓದಿ ಮುಗಿಸುವಷ್ಟರಲ್ಲಿ ನನ್ನ ಮೇಲೆ ನನಗೇ ಭಯಭಕ್ತಿ ಬಂದಿತ್ತು. ಇಂಥವನಿಗೆ ಈ ಸಂಬಳ ಕಡಿಮೆ ಆಯಿತಲ್ವಾ ಅಂತ ಮ್ಯಾನೇಜರನ್ನು ಕೇಳಿದೆ. ಪತ್ರಕ್ಕೆ ಸಹಿ ಹಾಕಿದವರು ಅವರೇ. ‘ಯಾವ ಪತ್ರ?’ ಅಂದರು.

ವಕೀಲರನ್ನು ಬೈದು ಪ್ರಯೋಜನವಿಲ್ಲ. ಈ ವೀಸಾ ಬೇಕಾದರೆ ಕೆಲಸ ‘ವಿಶೇಷ ವೃತ್ತಿ’ ಆಗಿರಬೇಕು, ಅದಕ್ಕೆ ಸಂಬಂಧಪಟ್ಟ ವಿಷಯದಲ್ಲೇ ಡಿಗ್ರಿ ಬೇಕಾಗಿರಬೇಕು ಅನ್ನುತ್ತದೆ ಕಾನೂನು. ‘ಹುಡುಗ ಚೆನ್ನಾಗಿ ಕೆಲಸ ಮಾಡ್ತಾನೆ’ ಅಂತ ಒಂದು ಸಾಲು ಬರೆದರೆ ಸಾಲದು. ಹಾಗಾಗಿ ಪುರಾಣ ಶುರು.

ಸರಿ, ಈ ಮಹಾಪುರುಷನನ್ನು ಅಮೆರಿಕ ಆರಿಸಿಕೊಂಡದ್ದು ಹೇಗೆ? ಚೀಟಿ ಎತ್ತಿ! ವರ್ಷಕ್ಕೆ 65,000 ಜಾಗ. ಅಲ್ಲಿಯೇ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000. ಮಾರ್ಚ್ ತಿಂಗಳಲ್ಲಿ ಕಂಪನಿ ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರು, ಹುಟ್ಟಿದ ದಿನ ಕೊಟ್ಟು ನೋಂದಾಯಿಸುತ್ತದೆ. ಕಂಪ್ಯೂಟರು ಚೀಟಿ ಎತ್ತುತ್ತದೆ. ನಿಮ್ಮ ವಿಶೇಷ ಜ್ಞಾನದ ವಿಚಾರ ಬರುವುದು ಚೀಟಿ ಬಂದ ಮೇಲೆ. ತಾಳಿ ಕಟ್ಟಿಸಿ ಆಮೇಲೆ ಜಾತಕ ನೋಡಿದ ಹಾಗೆ.

ಹಿಂದೆ ಇದು ಉಲ್ಟಾ ಇತ್ತು. 2020ಕ್ಕೆ ಮೊದಲು ಏಪ್ರಿಲ್ ಮೊದಲ ವಾರದಲ್ಲಿ ಇಡೀ ಅರ್ಜಿಯ ಕಟ್ಟನ್ನೇ ಕಳಿಸಬೇಕಿತ್ತು. ಹತ್ತೊಂಬತ್ತು ಪುಟ ಬರೆಸಿ, ವಕೀಲರಿಗೆ ಫೀಸು ಕೊಟ್ಟು, ಕಳಿಸಿ ಕೂತರೆ ಚೀಟಿಯಲ್ಲಿ ಹೆಸರು ಬಾರದವರ ಕಟ್ಟು ವಾಪಸ್ ಬರುತ್ತಿತ್ತು. ಸರ್ಕಾರ ತನ್ನ ಶುಲ್ಕವನ್ನೂ ವಾಪಸ್ ಕಳಿಸುತ್ತಿತ್ತು. ವಕೀಲರಿಗೆ ಹೋದದ್ದು ಎಲ್ಲಾದರೂ ವಾಪಸ್ ಬರುತ್ತಾ? ಆಮೇಲೆ ಸುಧಾರಣೆ ಮಾಡಿ ಚೀಟಿಗೆ ಹತ್ತೇ ಡಾಲರ್ ಅಂದರು. ಹತ್ತು ಡಾಲರ್ ಅಂದರೆ ಬಿಡುತ್ತಾರಾ? 2023ರಲ್ಲಿ 7.8 ಲಕ್ಷ ಚೀಟಿ ಬಂದವು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬೊಬ್ಬರ ಹೆಸರಿನಲ್ಲೇ ಎರಡು, ಮೂರು, ಇನ್ನೂ ಹೆಚ್ಚು ಹಾಕಿದ್ದು. ಮರುವರ್ಷ ಒಬ್ಬರಿಗೆ ಒಂದೇ ಅವಕಾಶ ಅಂತಾಯಿತು. 2025ಕ್ಕೆ ಶುಲ್ಕ 215 ಡಾಲರ್ ಆಯಿತು. 2026ರಿಂದ ಸಂಬಳ ಜಾಸ್ತಿ ಇದ್ದವರ ಚೀಟಿ ಪೆಟ್ಟಿಗೆಗೆ ನಾಲ್ಕು ಸಲದವರೆಗೂ ಬೀಳುತ್ತದೆ. ಅದೃಷ್ಟಕ್ಕೂ ಗ್ರೇಡ್ ಬಂತು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಇದೇ ಎಚ್-1ಬಿ ಪಂಕ್ತಿಯಲ್ಲಿ ಫ್ಯಾಷನ್ ಮಾಡೆಲ್‌ಗಳಿಗೂ ಎಲೆ ಹಾಕಿದ್ದಾರೆ. ಅವರಿಗೆ ಡಿಗ್ರಿ ಬೇಡ, ಹೆಸರು ಮಾಡಿದ್ದರೆ ಸಾಕು. ನಾನೂ ಅವರೂ ಒಂದೇ ವೀಸಾದವರು ಅಂತ ಮನೆಯಲ್ಲಿ ಹೇಳಿದೆ. ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು.

ಈಗ ವಕೀಲರ ವಿಚಾರಕ್ಕೆ ಬರೋಣ. ನಾನು ಅವರನ್ನು ನೋಡಿಲ್ಲ, ದನಿಯನ್ನೂ ಕೇಳಿಲ್ಲ. ಕಾನೂನಿನ ಪ್ರಕಾರ ಅರ್ಜಿದಾರರು ಕಂಪನಿಯವರು. ನಾನು ‘ಬೆನಿಫಿಷಿಯರಿ’. ಕನ್ನಡದಲ್ಲಿ ಫಲಾನುಭವಿ. ಮರ ಯಾರದೋ, ಹಣ್ಣು ಯಾವಾಗ ಬೀಳುತ್ತದೋ ಗೊತ್ತಿಲ್ಲ, ಕೆಳಗೆ ಬಾಯಿ ತೆರೆದು ನಿಂತವನು ನಾನು. ಎಚ್-1ಬಿ ಅರ್ಜಿಯ ವಕೀಲರ ಫೀಸನ್ನು ಕಂಪನಿಯೇ ಕೊಡಬೇಕು ಅಂತ ನಿಯಮ ಇದೆ. ಒಳ್ಳೆಯ ನಿಯಮವೇ. ಆದರೆ ದಕ್ಷಿಣೆ ಕೊಟ್ಟವರ ಗೋತ್ರಕ್ಕೆ ತಾನೆ ಸಂಕಲ್ಪ!

ಒಂದು ಸಲ ಧೈರ್ಯ ಮಾಡಿ ಫೋನ್ ಮಾಡಿದೆ. ವಕೀಲರ ಸಹಾಯಕರು ಎತ್ತಿಕೊಂಡರು.

‘ನನ್ನ ಅರ್ಜಿಯ ಒಂದು ಪ್ರತಿ ಬೇಕಿತ್ತು.’

‘ಅದು ನಿಮ್ಮ ಅರ್ಜಿಯಲ್ಲ, ಕಂಪನಿಯ ಅರ್ಜಿ.’

‘ಅದರಲ್ಲಿ ಇರುವುದು ನನ್ನ ಹೆಸರಲ್ವಾ?’

‘ಹೌದು. ನಿಮ್ಮ ಬಗ್ಗೆ ಇದೆ, ನಿಮ್ಮದಲ್ಲ.’

‘ಆ ಪತ್ರವನ್ನು ನನಗೇ ಓದಲು ಕಳಿಸಿದ್ದಿರಿ.’

‘ಸ್ಪೆಲ್ಲಿಂಗ್ ನೋಡೋದಕ್ಕೆ. ಆ ಲಿಂಕ್ ಎರಡೇ ದಿನ ತೆರೆದಿರೋದು.’

ಬೇರೆ ಕಂಪನಿಗೆ ಹೋದರೆ ಏನಾಗುತ್ತದೆ ಅಂತ ಇವರನ್ನು ಕೇಳುವಂತಿಲ್ಲ, ಸಂಜೆಯೊಳಗೆ ಎಚ್‌ಆರ್‌ಗೆ ಗೊತ್ತಾಗುತ್ತದೆ. ಹಾಗಾಗಿ ನನ್ನ ದುಡ್ಡಿನಲ್ಲೇ ಹೊರಗಿನ ವಕೀಲರೊಬ್ಬರನ್ನು ಹಿಡಿದೆ. ಅರ್ಧ ಗಂಟೆಗೆ ಇಷ್ಟು ಡಾಲರ್ ಅಂತ ಲೆಕ್ಕ. ನಮಸ್ಕಾರ ಹೇಳುವುದಕ್ಕೂ ಮೀಟರು ಓಡುತ್ತಿತ್ತು. ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು ಅವರು ಅಂದರು: ‘ಮೊದಲು ನಿಮ್ಮ ಅರ್ಜಿಯ ಪ್ರತಿ ತಂದುಕೊಡಿ.’ ಕಂಪನಿ ಕೊಡುತ್ತಿಲ್ಲ ಅಂದರೆ ಸರ್ಕಾರದ ಹತ್ತಿರವೇ ಕೇಳಬಹುದಂತೆ. ಅಮೆರಿಕದಲ್ಲಿ 1966ರಿಂದ ಮಾಹಿತಿ ಹಕ್ಕಿನ ಕಾನೂನು ಇದೆಯಲ್ಲ, ಅದರ ಪ್ರಕಾರ. ನನ್ನ ಬಗ್ಗೆ ಕಂಪನಿಯ ವಕೀಲರು ಏನು ಬರೆದಿದ್ದಾರೆ ಅಂತ ತಿಳಿಯಲು ನಾನು ಅಮೆರಿಕ ಸರ್ಕಾರಕ್ಕೆ ಅರ್ಜಿ ಹಾಕಬೇಕು!

ಹಾಗಂತ ಎಲ್ಲವೂ ಗುಟ್ಟು ಅಂದುಕೊಳ್ಳಬೇಡಿ. ಎಚ್-1ಬಿಗೆ ಮೊದಲು ಕಾರ್ಮಿಕ ಇಲಾಖೆಗೆ ಒಂದು ಅರ್ಜಿ ಹೋಗುತ್ತದೆ. ಇಂಥ ಹುದ್ದೆಗೆ ಇಷ್ಟು ಸಂಬಳ ಕೊಡುತ್ತೇವೆ ಅಂತ. ಅದರ ನೋಟಿಸನ್ನು ಆಫೀಸಿನಲ್ಲಿ ಎದ್ದು ಕಾಣುವ ಎರಡು ಕಡೆ ಹತ್ತು ದಿನ ಅಂಟಿಸಬೇಕು. ನಮ್ಮಲ್ಲಿ ಕಾಫಿ ಮೆಷಿನ್ನಿನ ಪಕ್ಕ ಅಂಟಿಸಿದರು. ಹೆಸರು ಇರಲಿಲ್ಲ, ನಿಜ. ಆದರೆ ನಮ್ಮ ಫ್ಲೋರಿನಲ್ಲಿ ಎಚ್-1ಬಿ ಬೇಕಾಗಿದ್ದವನು ನಾನೊಬ್ಬನೇ. ಹತ್ತು ದಿನ ಎಲ್ಲರೂ ನನ್ನ ಸಂಬಳ ಓದಿಕೊಂಡು ಕಾಫಿ ಕುಡಿದರು. ಒಬ್ಬರು ಸಂತಾಪ ಸೂಚಿಸಿದರು.

ಇಷ್ಟೆಲ್ಲಾ ಆದ ಮೇಲೆ ಸರ್ಕಾರದಿಂದ ಆರ್‌ಎಫ್‌ಇ ಬಂತು. ಅಂದರೆ ‘ಇನ್ನಷ್ಟು ಸಾಕ್ಷಿ ಕೊಡಿ’ ಅಂತ. ಸಾಫ್ಟ್‌ವೇರ್ ಕೆಲಸಕ್ಕೆ ಡಿಗ್ರಿ ಯಾಕೆ ಬೇಕು? ಯಾವ ಕೆಲಸಕ್ಕೆ ಶೇಕಡಾ ಎಷ್ಟು ಸಮಯ? ಅಂಗೈ ಹುಣ್ಣಿಗೆ ಕನ್ನಡಿ ಅಷ್ಟೇ ಅಲ್ಲ, ಕನ್ನಡಿಯ ಬಿಲ್ಲೂ ಬೇಕು. ನಾನು ಪ್ರಾಮಾಣಿಕವಾಗಿ ‘ಮೀಟಿಂಗು 60’ ಅಂತ ಬರೆದು ಕಳಿಸಿದೆ. ವಕೀಲರ ಕಡೆಯಿಂದ ತಿರುಗಿ ಬಂದಾಗ ಅದು ‘ತಾಂತ್ರಿಕ ವಿಶ್ಲೇಷಣೆ’ ಆಗಿತ್ತು.

ನಗಬೇಡಿ, ಇಂಥ ಪದಗಳ ಮೇಲೆಯೇ ಇಲ್ಲಿ ಬದುಕು ನಿಂತಿದೆ. ಕಂಪ್ಯೂಟರ್ ಪ್ರೋಗ್ರಾಮರ್ ಕೆಲಸಕ್ಕೆ ಡಿಗ್ರಿ ‘ಟಿಪಿಕಲಿ’ ಬೇಕು ಅಂತ ಸರ್ಕಾರದ್ದೇ ಒಂದು ಕೈಪಿಡಿ ಹೇಳುತ್ತದೆ. ‘ನಾರ್ಮಲಿ’ ಬೇಕಾಗಿರಬೇಕು ಅಂತ ಸರ್ಕಾರದ್ದೇ ನಿಯಮ ಹೇಳುತ್ತದೆ. ಇವೆರಡೂ ಒಂದೇನಾ ಅಂತ ಇನೋವಾ ಸಲ್ಯೂಷನ್ಸ್ ಎಂಬ ಕಂಪನಿಯ ಕೇಸು ಫೆಡರಲ್ ಮೇಲ್ಮನವಿ ಕೋರ್ಟಿನವರೆಗೂ ಹೋಯಿತು. 2020ರ ಡಿಸೆಂಬರಿನಲ್ಲಿ ಎರಡಕ್ಕೂ ಏನೂ ವ್ಯತ್ಯಾಸವಿಲ್ಲ ಅಂತ ತೀರ್ಪು ಬಂತು. ನಿಘಂಟು ತೆಗೆದು ನೋಡಿದ್ದರೆ ಐದು ನಿಮಿಷದ ಕೆಲಸ.

2025ರ ಸೆಪ್ಟೆಂಬರ್ 19, ಶುಕ್ರವಾರವಂತೂ ವಕೀಲರ ಪಾಲಿನ ಶಿವರಾತ್ರಿ. ಎಚ್-1ಬಿಗೆ ಒಂದು ಲಕ್ಷ ಡಾಲರ್ ಅಂತ ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ಭಾನುವಾರದಿಂದಲೇ ಜಾರಿ. ದೇಶದ ಹೊರಗಿರುವವರು ಓಡಿ ಬನ್ನಿ, ಒಳಗಿರುವವರು ಅಲ್ಲಾಡಬೇಡಿ ಅಂತ ರಾತ್ರೋರಾತ್ರಿ ವಕೀಲರಿಂದ ಇಮೇಲುಗಳು ಹೋದವು. ವಿಮಾನದಲ್ಲಿ ಕೂತಿದ್ದವರು ಇಳಿದರು. ಪ್ರತಿ ವರ್ಷ ಕೊಡಬೇಕು ಅಂತ ವಾಣಿಜ್ಯ ಸಚಿವರು ಹೇಳಿದ್ದರು. ಮಾರನೆಯ ದಿನ ಶ್ವೇತಭವನ ಒಂದೇ ಸಲ ಅಂತು, ಅದೂ ಹೊಸ ಅರ್ಜಿಗೆ ಮಾತ್ರ ಅಂತು. ‘ನಿನ್ನೆಯ ಇಮೇಲನ್ನು ನಿರ್ಲಕ್ಷಿಸಿ’ ಅಂತ ಇನ್ನೊಂದು ಇಮೇಲ್ ಬಂತು. ಓಡಲು ಹೇಳಿದ್ದಕ್ಕೂ ಒಂದು ಬಿಲ್ಲು, ನಿಲ್ಲಲು ಹೇಳಿದ್ದಕ್ಕೂ ಒಂದು ಬಿಲ್ಲು ಆಗಿರಬೇಕು.

ಈ ನಡುವೆ ನನ್ನ ಗೆಳೆಯನ ಕೆಲಸ ಹೋಯಿತು. ಅವನ ಪತ್ರ ನನ್ನದಕ್ಕಿಂತ ಎರಡು ಪುಟ ಜಾಸ್ತಿ ಇತ್ತು, ಆ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಹೆಚ್ಚೆಂದರೆ 60 ದಿನ, ಅಷ್ಟರಲ್ಲಿ ಬೇರೆ ಕಂಪನಿ ಹುಡುಕಬೇಕು, ಇಲ್ಲವೇ ದಾರಿ ನೋಡಿಕೊಳ್ಳಬೇಕು. ವಾಪಸ್ ಹೋಗುವ ಟಿಕೆಟ್ಟಿನ ಖರ್ಚು ಕಂಪನಿ ಕೊಡಬೇಕು, ಕಾನೂನು ಅಷ್ಟು ಮಟ್ಟಿಗೆ ಸಜ್ಜನ. ಇವನು ಇನ್ನು ಬೇಡ ಅಂತ ಕಂಪನಿ ಸರ್ಕಾರಕ್ಕೂ ತಿಳಿಸಬೇಕು. ಆ ಪತ್ರವನ್ನೂ ಅದೇ ವಕೀಲರು ಬರೆದರು. ಮೂರು ಸಾಲು. ಅದರ ಪ್ರತಿ ಅವನು ಕೇಳುವ ಮೊದಲೇ ಬಂತು.