ಕೆತ್ತನೆ ಸರಿ, ದಾರದ ಕೆಲಸ ಎಲ್ಲಿ?

ಕೆನಡಾದ ಪಶ್ಚಿಮ ಕರಾವಳಿಯ ಕ್ವಾಕ್ವಕವಕ್ ಎಂಬ ಮೂಲನಿವಾಸಿ ಜನರ ಮುಖವಾಡಗಳ ಬಗ್ಗೆ ನಿಮ್ಮದು ಒಳ್ಳೆಯ ಬರಹ. ಆದರೆ ಕೆತ್ತನೆ, ಬಣ್ಣದ ವಿಷಯದಲ್ಲೇ ಮುಗಿಸಿಬಿಟ್ಟಿದ್ದೀರಿ. ಇವು ಗೋಡೆಗೆ ತೂಗುಹಾಕಲು ಮಾಡಿದವಲ್ಲ, ಕುಣಿಯೋಕೆ ಮಾಡಿದವು ಅಲ್ವಾ?

ಹಮತ್ಸಾ ಎಂಬ ಅವರ ಆಚರಣೆಯ ಕುಣಿತದ ಹಕ್ಕಿ ಮುಖವಾಡಗಳನ್ನೇ ನೋಡಿ. ಕೆಲವು ಕೊಕ್ಕುಗಳು ಒಂದು ಮೀಟರಿಗಿಂತ ಉದ್ದ. ಕೆಳದವಡೆ ಬೇರೆ ತುಂಡು. ಅದನ್ನು ಕೀಲಿನಂತೆ ಜೋಡಿಸಿ ದಾರ ಕಟ್ಟಿರುತ್ತಾರೆ. ಕುಣಿಯುವವನು ದಾರ ಎಳೆದು ಬಿಟ್ಟರೆ ಕೊಕ್ಕು ಟಪ್ ಟಪ್ ಎಂದು ಬಡಿಯುತ್ತದೆ. ದೇವದಾರಿನ ತೊಗಟೆ ನಾರಿನ ಜಾಲರಿ ಕೆಳಗೆ ಇಳಿಬಿದ್ದು ಆ ಮನುಷ್ಯನನ್ನು ಮರೆಮಾಡುತ್ತದೆ. ಇಷ್ಟು ಭಾರ ಹೊತ್ತು ಕುಕ್ಕರಗಾಲಲ್ಲಿ ಕುಣಿಯಬೇಕು! ಕೆಂಪು ದೇವದಾರು ಹಗುರ, ಎಳೆ ನೇರ. ಬೇರೆ ಮರವಾಗಿದ್ದರೆ ಕತ್ತು ಉಳಿಯುತ್ತಿರಲಿಲ್ಲ ಅನ್ನಿಸುತ್ತದೆ.

ರೂಪ ಬದಲಿಸುವ ಮುಖವಾಡ ಇನ್ನೂ ಜಾಣತನದ್ದು. ಹೊರಗೆ ಪ್ರಾಣಿಯ ಮುಖ. ದಾರ ಎಳೆದರೆ ಅದು ಸೀಳಿ ತೆರೆದುಕೊಳ್ಳುತ್ತದೆ, ಒಳಗಿಂದ ಮನುಷ್ಯನ ಮುಖ ಕಾಣುತ್ತದೆ. ಮುಚ್ಚಿದಾಗ ತುಂಡುಗಳು ಸರಿಯಾಗಿ ಕೂಡಬೇಕು. ಬರೀ ಉಳಿ ಹಿಡಿದರೆ ಸಾಲದು.

ಇನ್ನೊಂದು ವಿಷಯ. ‘ಈ ಕಲೆ ತಾನಾಗಿಯೇ ಕಡಿಮೆಯಾಯಿತು’ ಎಂದು ಸುಮ್ನೆ ಬರೆದಿದ್ದೀರಿ. ಅದು ಒಪ್ಪುವ ಮಾತಲ್ಲ. ಈ ಮುಖವಾಡಗಳನ್ನು ಹಾಕಿ ಕುಣಿಯುವ, ಉಡುಗೊರೆ ಹಂಚುವ ಪಾಟ್‌ಲ್ಯಾಚ್ ಸಮಾರಂಭಕ್ಕೇ ಕೆನಡಾದಲ್ಲಿ 1885ರಿಂದ 1951ರವರೆಗೆ ಕಾನೂನಿನ ನಿಷೇಧವಿತ್ತು. 1921ರ ಒಂದು ದೊಡ್ಡ ಪಾಟ್‌ಲ್ಯಾಚ್ ಆದಮೇಲೆ ಸರ್ಕಾರದವರು ಮುಖವಾಡಗಳನ್ನು ಕಿತ್ತುಕೊಂಡರು, ಕೆಲವರನ್ನು ಜೈಲಿಗೂ ಹಾಕಿದರು. ವಾಪಸ್ ಬಂದವುಗಳಲ್ಲಿ ಹಲವು ಈಗ ಅಲರ್ಟ್ ಬೇ ಊರಿನ ಉಮಿಸ್ತಾ ಸಾಂಸ್ಕೃತಿಕ ಕೇಂದ್ರದಲ್ಲಿವೆ. ಅದು ಶುರುವಾಗಿದ್ದು 1980ರಲ್ಲಿ. ಮುಂದಿನ ಕಂತಿನಲ್ಲಿ ಇದನ್ನೂ ಸೇರಿಸಿ.