ಕೊನೆಯ ಹತ್ತು ಪುಟಗಳಲ್ಲಿ ಅಳುವ ಅಪರಾಧಿಗಳು

ಕ್ರೈಸ್ತ ಸಸ್ಪೆನ್ಸ್ ಕಾದಂಬರಿಗಳನ್ನು ನಾನು ಇಷ್ಟಪಟ್ಟೇ ಓದುತ್ತೇನೆ. ಆದರೆ ಒಂದು ತಕರಾರಿದೆ. ಪುಸ್ತಕದುದ್ದಕ್ಕೂ ಸುಳ್ಳು ಹೇಳಿ, ತಮ್ಮನ ಪಾಲನ್ನು ನುಂಗಿ, ಒಂದು ಸಾವನ್ನೂ ಮುಚ್ಚಿಟ್ಟ ಅಣ್ಣ ಕೊನೆಯ ಹತ್ತು ಪುಟಗಳಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಾನೆ. ಮನೆಯವರೆಲ್ಲ ಅತ್ತು ತಬ್ಬಿಕೊಳ್ಳುತ್ತಾರೆ. ನುಂಗಿದ ಪಾಲು ಏನಾಯಿತು, ಪೊಲೀಸರು ಎಲ್ಲಿಗೆ ಹೋದರು, ಲೇಖಕರಿಗೇ ನೆನಪಿರುವುದಿಲ್ಲ.

ದೇವರು ಎಂಥವರನ್ನೂ ಕ್ಷಮಿಸುತ್ತಾನೆ ಎಂಬ ನಂಬಿಕೆಯ ಬಗ್ಗೆ ನನ್ನ ಜಗಳವಿಲ್ಲ. ಕಥೆಗಾರರು ಅದನ್ನು ಇಷ್ಟು ಸೋವಿಯಾಗಿ ಹಂಚಬಾರದು, ಅಷ್ಟೇ.

ಮಾದರಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಬರುವ, ಅಣ್ಣಂದಿರೇ ಮಾರಿದ ಯೋಸೇಫನ ಕಥೆಗಿಂತ ಬಿಗಿಯಾದ ಕೌಟುಂಬಿಕ ಥ್ರಿಲ್ಲರ್ ಅನ್ನು ನಾನು ಓದಿಲ್ಲ. ತಮ್ಮನನ್ನು ಕೊಂದರೆ ಏನು ಲಾಭ, ಮಾರಿಬಿಡೋಣ ಎಂದು ಸೂಚಿಸುವವನು ಅಣ್ಣಂದಿರಲ್ಲೊಬ್ಬನಾದ ಯೆಹೂದ. ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ವ್ಯವಹಾರ ಮುಗಿಯುತ್ತದೆ. ಆಮೇಲೆ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ, ಇದು ನಿನ್ನ ಮಗನದೋ ನೋಡು ಎಂದು ತಂದೆಯನ್ನೇ ಕೇಳುತ್ತಾರೆ. ಮೃಗ ತಿಂದಿತು ಎಂಬ ಸುಳ್ಳನ್ನು ಅವರು ಬಾಯಿಬಿಟ್ಟು ಹೇಳುವುದೂ ಇಲ್ಲ, ಮುದುಕನೇ ಹಾಗೆಂದುಕೊಳ್ಳುತ್ತಾನೆ. ಎಂಥ ಪಳಗಿದ ಅಪರಾಧ!

ವರ್ಷಗಳ ನಂತರ ಬರಗಾಲ ಅವರನ್ನು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ತರುತ್ತದೆ. ಅಧಿಕಾರದಲ್ಲಿರುವ ತಮ್ಮ ಅವರನ್ನು ಗುರುತಿಸುತ್ತಾನೆ, ಅವರು ಅವನನ್ನು ಗುರುತಿಸುವುದಿಲ್ಲ. ಯೋಸೇಫ ಓಡಿಹೋಗಿ ತಬ್ಬಿಕೊಳ್ಳಲಿಲ್ಲ. ತನ್ನ ಬೆಳ್ಳಿಯ ಪಾನಪಾತ್ರೆಯನ್ನು ಕಿರಿಯವನಾದ ಬೆನ್ಯಾಮೀನನ ಚೀಲದಲ್ಲಿ ಇಡಿಸಿದ. ಶೋಧ ಶುರುವಾಗುವುದು ಹಿರಿಯನ ಚೀಲದಿಂದ. ಒಂದೊಂದೇ ಚೀಲ ಬಿಚ್ಚುತ್ತ ಬರುವಾಗ, ಪಾತ್ರೆ ಎಲ್ಲಿದೆ ಎಂದು ಗೊತ್ತಿದ್ದೂ ನಾವು ಉಸಿರು ಬಿಗಿಹಿಡಿಯುತ್ತೇವೆ. ಕಳ್ಳ ಯಾರೆಂಬ ಕುತೂಹಲ ಅಲ್ಲಿ ಇಲ್ಲವೇ ಇಲ್ಲ; ಅಣ್ಣಂದಿರು ಈ ಸಲ ಏನು ಮಾಡುತ್ತಾರೆ ಎಂಬುದಷ್ಟೇ ಪ್ರಶ್ನೆ. ಹಿಂದಿನಂತೆಯೇ ತಂದೆಯ ಮುದ್ದಿನ ಮಗ, ಹಿಂದಿನಂತೆಯೇ ಕೈತೊಳೆದುಕೊಳ್ಳುವ ಅವಕಾಶ. ಈ ಬಾರಿ ಯಾರನ್ನೂ ಮಾರಬೇಕಿಲ್ಲ, ಸುಮ್ಮನೆ ಊರಿಗೆ ಹೊರಟರೆ ಸಾಕು. ಆದರೆ ಅದೇ ಯೆಹೂದ ಮುಂದೆ ಬಂದು, ಹುಡುಗನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ ಎನ್ನುತ್ತಾನೆ. ಯೋಸೇಫನ ಅಳು ಕಟ್ಟೆಯೊಡೆಯುವುದು ಆಗ.

ಲೂಕನ ಸುವಾರ್ತೆಯ ಸುಂಕದವ ಜಕ್ಕಾಯನೂ ಹಾಗೆಯೇ, ಪಶ್ಚಾತ್ತಾಪವನ್ನು ಕೆಲಸದಲ್ಲಿ ತೋರಿಸುತ್ತಾನೆ. ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದು ಲೆಕ್ಕ ಹೇಳುತ್ತಾನೆ. ಇಂಗ್ಲಿಷ್ ಲೇಖಕ ಚೆಸ್ಟರ್ಟನ್ನರಿಗೂ ಇದು ಚೆನ್ನಾಗಿ ಗೊತ್ತಿತ್ತು. ಪತ್ತೇದಾರ ಪಾದ್ರಿ ಫಾದರ್ ಬ್ರೌನ್‌ನ 1911ರ ಸಂಕಲನದ ಒಂದು ಕಥೆಯಲ್ಲಿ, ಮರದ ಮೇಲಿರುವ ಕಳ್ಳ ಫ್ಲಾಂಬೋನಿಗೆ ಪಾದ್ರಿ ಕೆಳಗೆ ನಿಂತು ಬುದ್ಧಿ ಹೇಳುತ್ತಾನೆ. ಉತ್ತರವಾಗಿ ಮೇಲಿನಿಂದ ಬೀಳುವುದು ಕದ್ದ ವಜ್ರಗಳು, ಪಶ್ಚಾತ್ತಾಪದ ಭಾಷಣವಲ್ಲ.

ನನಗೆ ಇನ್ನೂ ಹೆಚ್ಚು ಸಿಟ್ಟು ಬರಿಸುವುದು ನೊಂದವರನ್ನು ನಡೆಸಿಕೊಳ್ಳುವ ರೀತಿ. ಹೊಡೆತ ತಿಂದ ಹೆಂಡತಿಯೋ ಮನೆಬಿಟ್ಟ ಮಗಳೋ ತಕ್ಷಣ ಕ್ಷಮಿಸದಿದ್ದರೆ, ಅವಳ ವಿಶ್ವಾಸವೇ ದುರ್ಬಲವೆಂದು ಹಿರಿಯರ ಪಾತ್ರವೊಂದು ಉಪದೇಶಕ್ಕೆ ನಿಲ್ಲುತ್ತದೆ. ತಪ್ಪು ಮಾಡಿದವನಿಗೆ ಒಂದು ಪ್ರಾರ್ಥನೆ, ನೊಂದವಳಿಗೆ ಐದು ಅಧ್ಯಾಯಗಳ ಪ್ರವಚನ! ಯೇಸು ಹೇಳಿದ ದಾರಿತಪ್ಪಿದ ಮಗನ ಸಾಮ್ಯದಲ್ಲಿ (ದೃಷ್ಟಾಂತ ಕಥೆಯಲ್ಲಿ), ಆಸ್ತಿ ಕಳೆದು ಮರಳಿದ ತಮ್ಮನಿಗೆ ಔತಣವೇ ಎಂದು ಮುನಿದ ಹಿರಿಯ ಮಗನನ್ನು ಒಳಗೆ ಕರೆಯಲು ತಂದೆಯೇ ಹೊರಗೆ ಬಂದು ಬೇಡಿಕೊಳ್ಳುತ್ತಾನೆ, ಅವನ ದೂರನ್ನು ಪೂರ್ತಿ ಕೇಳುತ್ತಾನೆ. ಅವನು ಒಳಗೆ ಹೋದನೇ ಇಲ್ಲವೇ ಎಂದು ಯೇಸು ಹೇಳಲಿಲ್ಲ. ಹಾಗೆ ಮುಗಿಸುವ ಧೈರ್ಯವಿರುವ ಕಾದಂಬರಿಕಾರರಿದ್ದರೆ ದಯವಿಟ್ಟು ಹೆಸರು ಹೇಳಿ, ಇವತ್ತೇ ಓದಲು ಶುರುಮಾಡುತ್ತೇನೆ.